ಹಂಚಿಕೆಯಾಗದ ಜಾಗ

ಮೊದಲ ದಿನ ಕಟಗೇರಿ ಸರ್ ಬೋರ್ಡಿನ ಮೇಲೆ ಏನೋ ಬರೆದು
ತಾವೇ ಒರೆಸಿದರು. ‘ಹೋಯ್ತೇನು?’ ಅಂದರು.
ಹೋಯ್ತ್ರಿ ಸರ್, ಅಂದೆವು ಹನ್ನೊಂದು ಮಂದಿಯೂ.
‘ಹೋಗಿಲ್ಲ. ಅಳಿಸಿದ್ದು ಅಳಿದಿರೂದಿಲ್ಲ.
ವಿಳಾಸ ಅಷ್ಟ ಹೋಗಿರ್ತದ, ಮನಿ ಅಲ್ಲೇ ಇರ್ತದ,
ಅದರ ಮ್ಯಾಲೆ ಮತ್ತೊಬ್ಬರು ಮನಿ ಕಟ್ಟೂತನಕ.’
ಡಿಸ್ಕಿನ ಆ ಭಾಗಕ್ಕೆ ಅವರು ಹೇಳಿದ ಹೆಸರು
ಹಂಚಿಕೆಯಾಗದ ಜಾಗ.

ನನಗೆ ನಗು ಬಂತು.
ಬಾಗಲಕೋಟೆಯವರಿಗೆ ಇದನ್ನು ಕಲಿಸಬೇಕೆ?
ನಮ್ಮ ಮನೆ ಹಿನ್ನೀರಿನ ತಳದಲ್ಲಿದೆ.
ಓಣಿಯ ಹೆಸರು ಅಂಚೆಯವನ ಚೀಲದಿಂದ ಹೋಯಿತು,
ಗೋಡೆ ಹೋಗಿಲ್ಲ. ಮೇ ಕೊನೆಗೆ ನೀರು ಇಳಿದಾಗ
ಅಪ್ಪ ದಂಡೆಯಲ್ಲಿ ನಿಂತು ಬೆರಳು ಮಾಡುತ್ತಾನೆ,
‘ಅದ ನೋಡು, ನನ್ನ ಗಡಿಯಾರದ ಅಂಗಡಿ ಕಟ್ಟಿ.’
ನನಗೆ ಕಾಣುವುದು ಕೆಸರು, ಎರಡು ಕೊಕ್ಕರೆ.

ನವನಗರದಲ್ಲಿ ನಾವೀಗ ಒಂದು ಸಂಖ್ಯೆ.
ಹಂಚಿಕೆ ಪತ್ರದಲ್ಲಿ ಯಾವನೋ ಕಾರಕೂನ
ಹೂಲಗೇರಿಯನ್ನು ಹುಲಗೇರಿ ಮಾಡಿದ.
ಒಂದು ದೀರ್ಘ ಬಿಟ್ಟ. ಅಷ್ಟೇ.
ಪರಿಹಾರದ ರೊಕ್ಕ ಆರು ವರ್ಷ
ಆ ದೀರ್ಘದ ಬಾಲಕ್ಕೆ ನೇತಾಡಿತು.
ಹ್ಯಾಶ್ ಅಂದರೇನು ಎಂದು ಸರ್ ಕೇಳಿದಾಗ
ಕೈ ಎತ್ತಿದವಳು ನಾನೊಬ್ಬಳೇ.
ಇಡೀ ಕಡತಕ್ಕೆ ಒಂದೇ ಹೆಬ್ಬೆಟ್ಟು, ಅರವತ್ನಾಲ್ಕು ಅಕ್ಷರ,
ಒಳಗೆಲ್ಲೋ ಒಂದು ದೀರ್ಘ ಜಾರಿದರೆ
ಹೆಬ್ಬೆಟ್ಟು ಬೇರೆ ಯಾರದೋ.

ಓದುವ ನಡುವೆಯೇ ಕಲಮುಗಳೂ ಎದ್ದು ಹೋದವು.
ಅರವತ್ತೈದು ಬಿ ಬಾಯಿಪಾಠವಾಗುವಷ್ಟರಲ್ಲಿ
ಅದು ಅರವತ್ಮೂರಾಗಿ ಬೇರೆ ಪುಸ್ತಕದಲ್ಲಿ ಕೂತಿತ್ತು.
ಅವ್ವ ಅಂದಳು, ‘ನಾನೂ ಎರಡು ವರ್ಷ ರಿಕ್ಷಾದವಗ
ಹಳೇ ಓಣಿ ಹೆಸರ ಹೇಳತಿದ್ದೆ.
ಅವನೂ ಅಲ್ಲಿಂದ ಎದ್ದು ಬಂದಾವ. ತಿಳಕೊಂಡು
ಸೆಕ್ಟರಿಗೆ ತಂದು ಬಿಡತಿದ್ದ.’

ಇಂಟರ್ನ್‌ಶಿಪ್ಪಿಗೆ ಹಾಕಿದ್ದು ಸೈಬರ್ ಠಾಣೆಗೆ.
ಹವಾಲ್ದಾರ್ ತಳವಾರರ ಪಕ್ಕದ ಕುರ್ಚಿ,
ಅರಗಿನ ವಾಸನೆ, ಎಲೆಯಡಿಕೆ ಡಬ್ಬಿ,
ಯಾರ ಕೈಯಿಂದ ಯಾರ ಕೈಗೆ, ಎಷ್ಟು ಗಂಟೆಗೆ.
ಗುಳೇದಗುಡ್ಡದ ಶಂಕ್ರವ್ವ ಬಂದಿದ್ದಳು, ಖಣ ನೇಯುವವಳು.
‘ಕರೆಂಟ್ ಕಟ್ ಮಾಡ್ತೀವಿ ಅಂದ್ರು. ಆರು ಅಂಕಿ ಕೇಳಿದ್ರು.
ಅಕ್ಷರ ಬರೂದಿಲ್ಲವ್ವಾ ನನಗ, ಅಂಕಿ ಬರ್ತಾವ,
ಮಗ್ಗದ ಲೆಕ್ಕಕ್ಕ ಕಲತದ್ದು.’
ನಲವತ್ತೊಂದು ಸಾವಿರ.

ರೊಕ್ಕ ಮೊದಲು ಇಳಿದ ಖಾತೆ ನಮ್ಮ ಸೆಕ್ಟರಿನದೇ.
ಚಹಾದಂಗಡಿ ಪರಸಪ್ಪನ ಮಗ, ಹತ್ತೊಂಬತ್ತು ವಯಸ್ಸು.
ಎರಡು ಸಾವಿರಕ್ಕೆ ಪಾಸ್‌ಬುಕ್ಕು, ಸಿಮ್ಮು
ಯಾರಿಗೋ ಕೊಟ್ಟಿದ್ದ. ನನಗೇನೂ ಗೊತ್ತಿಲ್ರಿ, ಅಂದಿದ್ದ.

ಲ್ಯಾಬಿನ ವರದಿ, ಮುನ್ನೂರ ಹನ್ನೆರಡನೇ ಪುಟ.
ಅಳಿಸಿದ ಸಂದೇಶ. ರಾತ್ರಿ ಎರಡೂ ಹತ್ತು.
‘ಅಣ್ಣಾ ಬ್ಯಾಂಕಿನವ್ರು ಫೋನ್ ಮಾಡಿದ್ರು
ಯಾವದೋ ಅಜ್ಜಿ ರೊಕ್ಕಂತ
ಹೊಳಿ ಹಾಕ್ರಿ’

ಹೊಳ್ಳಿ ಹಾಕ್ರಿ ಅನ್ನಬೇಕಿತ್ತು ಅವನು. ಒತ್ತು ಬಿದ್ದಿಲ್ಲ.
ತಿರುಗಿ ಬರಬೇಕಾದ ರೊಕ್ಕ
ಅವನ ಬೆರಳಲ್ಲೇ ಹೊಳೆಗೆ ಬಿತ್ತು.

ತಳವಾರರು ಕೆಂಪು ಗೆರೆ ಎಳೆದರು,
‘ಗೊತ್ತಿತ್ತು ಅಂದಂಗಾತು ನೋಡವ್ವಾ.’
ಹೌದು. ನಮಗೂ ಹಾಗೇ ಕಲಿಸಿದ್ದಾರೆ, ಅರಿವು, ಉದ್ದೇಶ.
ಮರುಗಿದ್ದಕ್ಕೆ
ನಮೂನೆಯಲ್ಲಿ ಬೇರೆ ಮನೆ ಇಲ್ಲ.

ನಕಲು ಮಾಡುವ ಕೆಲಸ ನನ್ನದು.
ಹೊಳಿ ಎಂದೇ ಬರೆದೆ. ಒತ್ತು ಕೊಡುವಂತಿಲ್ಲ,
ಕೊಟ್ಟರೆ ಹೆಬ್ಬೆಟ್ಟು ಬದಲಾಗುತ್ತದೆ.

ಸಂಜೆ ಅದೇ ದಾರಿ. ಪರಸಪ್ಪ
ಗಾಜಿನ ಲೋಟ ತೊಳೆಯುತ್ತಿದ್ದ. ತಲೆ ಎತ್ತಿ
‘ಏನ ಓದಾಕತ್ತೀಯವ್ವಾ ನೀ?’ ಅಂದ.
ಹೇಳುವುದಕ್ಕೆ ಬಾಯಿ ತೆರೆದೆ.
ಒಂದು ಲಾರಿ ಹಾದುಹೋಗುವತನಕ
ಇಬ್ಬರೂ ಕಾದೆವು.